ಅಂಗಳದಲ್ಲಿ ಮೊಳೆತ ವಿದ್ಯೆ : ಶಿಶುಶಿಕ್ಷಣದ ಚರಿತ್ರೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯು ಕನ್ನಡಿಗರಲ್ಲಿ ಆಬಾಲವೃದ್ಧರಿಗೂ ವಿದಿತವಾದುದೇ ಸರಿ. ಈ ಗಾದೆಯಲ್ಲಿ ಎರಡು ಅಭಿಪ್ರಾಯಗಳು ಅಡಕವಾಗಿರುತ್ತವೆ. ಮನುಷ್ಯನ ಮುಂದಿನ ಬಾಳೆಲ್ಲವೂ ಎಳವೆಯಲ್ಲಿಯೇ ರೂಪುಗೊಳ್ಳುತ್ತದೆಂಬುದು ಒಂದು. ಆ ಎಳವೆಯಲ್ಲಿ ಅವನನ್ನು ಬಗ್ಗಿಸುವುದೇ ಹಿರಿಯರ ಕರ್ತವ್ಯವೆಂಬುದು ಇನ್ನೊಂದು. ಕಳೆದ ನಾಲ್ಕು ಶತಮಾನಗಳಲ್ಲಿ ಶಿಶುಗಳ ಶಿಕ್ಷಣವನ್ನೇ ಬಾಳಿನ ವ್ರತವನ್ನಾಗಿ ಕೈಕೊಂಡ ಮಹನೀಯರು ಮೊದಲನೆಯದನ್ನು ಮನಸಾರೆ ಒಪ್ಪಿದರು, ಎರಡನೆಯದನ್ನು ಒಪ್ಪಲಿಲ್ಲ. ಗಿಡಕ್ಕೆ ಬೇಕಾದುದು ಬಗ್ಗಿಸುವ ಕೈಯಲ್ಲ, ಹದವಾದ ಮಣ್ಣು, ನೀರು, ಬಿಸಿಲು ಮತ್ತು ಒಂದು ಬೇಲಿ; ಬೆಳೆಯುವ ಶಕ್ತಿಯು ಗಿಡದೊಳಗೇ ಇರುತ್ತದೆ ಎಂಬುದೇ ಅವರೆಲ್ಲರ ಸಿದ್ಧಾಂತದ ತಿರುಳು.

ಈ ಸಿದ್ಧಾಂತವು ಅರಮನೆಗಳಲ್ಲಾಗಲಿ ದೊಡ್ಡ ವಿಶ್ವವಿದ್ಯಾಲಯಗಳಲ್ಲಾಗಲಿ ಹುಟ್ಟಲಿಲ್ಲ. ಯುದ್ಧದಲ್ಲಿ ತಬ್ಬಲಿಗಳಾದ ಕೂಸುಗಳು, ನೂಲಿನ ಗಿರಣಿಯ ಕೂಲಿಗಳ ಮಕ್ಕಳು, ಪಟ್ಟಣದ ಹೊಲಸು ಕೇರಿಗಳಲ್ಲಿ ಬಿದ್ದುಕೊಂಡಿದ್ದ ಎಳೆಯರು, ಇವರ ನಡುವೆಯೇ ಅದು ಪದೇ ಪದೇ ಮೊಳೆಯಿತು. ಆದರೆ ಮೊಳೆತು ಫಲಕೊಟ್ಟಾಗಲೆಲ್ಲ ಆ ಫಲವು ಸಿರಿವಂತರ ಮನೆಗೆ ಹೋಯಿತು. ಬಡವರ ಮಕ್ಕಳಿಗೆ ಬಾಯಿಪಾಠವೂ ಬೆತ್ತವೂ ಉಳಿದವು. ಅದನ್ನು ಮರಳಿ ಬಡವರ ಅಂಗಳಕ್ಕೆ ತಂದವರ ಚರಿತ್ರೆಯನ್ನು ಕ್ರಮವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಹಿಂದಿನ ಕಾಲದ ಪಾಠಕ್ರಮ

ಹಿಂದಿನ ಕಾಲದ ಯುರೋಪಿನಲ್ಲಿ ಮಗುವೆಂದರೆ ಗಾತ್ರದಲ್ಲಿ ಕಿರಿದಾದ ದೊಡ್ಡ ಮನುಷ್ಯನೆಂಬ ಭಾವನೆಯು ಬಲವಾಗಿತ್ತು. ಅರ್ಥವರಿಯದ ಲ್ಯಾಟಿನ್ ಭಾಷೆಯ ಮಾತುಗಳನ್ನು ಉರುಹೊಡೆಯಿಸುವುದು, ತಪ್ಪಿದರೆ ಬೆತ್ತದಿಂದ ಹೊಡೆಯುವುದು, ಇದೇ ಅಲ್ಲಿನ ಪಾಠಶಾಲೆಗಳ ರೀತಿಯಾಗಿತ್ತು. ಕನ್ನಡನಾಡಿನ ಕೂಲಿಮಠಗಳ ಸ್ಥಿತಿಯೂ ಇದಕ್ಕೆ ತೀರ ಭಿನ್ನವಾಗಿರಲಿಲ್ಲ. ಐಗಳು ಹೇಳಿಕೊಟ್ಟ ಮಗ್ಗಿಯನ್ನು ಮಕ್ಕಳು ಒಕ್ಕೊರಲಿನಿಂದ ಒದರುವುದೂ, ತಪ್ಪಿದವರನ್ನು ಕೋದಂಡಕ್ಕೆ ಏರಿಸುವುದೂ ಆಗ ನಡೆದೇ ಇತ್ತು. ಆದರೂ ಆ ಮಠಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತೆಂಬುದನ್ನು ಮರೆಯಲಾಗದು. ನೆಲದ ಮೇಲೆ ಮರಳನ್ನು ಹರಡಿ, ಮಗುವಿನ ಬೆರಳಿನಿಂದಲೇ ಅಕ್ಷರವನ್ನು ತೀಡಿಸುತ್ತಿದ್ದರು. ಕಣ್ಣು ಕಂಡುದನ್ನು ಬೆರಳು ಮುಟ್ಟಿ ಅರಿಯುತ್ತಿತ್ತು; ಅಳಿಸಿದರೆ ಮರಳಿಗೆ ಖರ್ಚಿಲ್ಲ, ತಪ್ಪಿದರೆ ಕಾಗದ ಕೆಡುವುದಿಲ್ಲ. ದಕ್ಷಿಣ ಭಾರತದ ಈ ಪದ್ಧತಿಯನ್ನು ಮದರಾಸಿನ ಎಳುಂಬೂರಿನಲ್ಲಿ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಕಂಡು ಮೆಚ್ಚಿ, ತನ್ನ ಶಾಲೆಯಲ್ಲಿ ಬಳಕೆಗೆ ತಂದು, ೧೭೯೭ನೆಯ ಇಸ್ವಿಯಲ್ಲಿ ಆಂಗ್ಲದೇಶದಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ಮರಳಿನ ಮೇಲೆ ತೀಡುವ ಆ ಬೆರಳು ಈ ಚರಿತ್ರೆಯಲ್ಲಿ ಮುಂದೆ ರೋಮ್ ನಗರದಲ್ಲಿ ಇನ್ನೊಂದು ರೂಪದಿಂದ ಕಾಣಿಸಿಕೊಳ್ಳುವುದು.

ಚಿತ್ರಗಳ ಹೊತ್ತಗೆ

ಶಿಶುಶಿಕ್ಷಣದ ವಿಚಾರವನ್ನು ಶಾಸ್ತ್ರೀಯವಾಗಿ ಮೊದಲು ಬರೆದವರಲ್ಲಿ ಕೊಮೇನಿಯಸನು ಅಗ್ರಗಣ್ಯನು. ಈತನು ೧೫೯೨ರಲ್ಲಿ ಮೊರಾವಿಯಾ ದೇಶದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡನು. ಪ್ರಾಯಕ್ಕೆ ಬಂದ ಮೇಲೆ ಹೆಂಡತಿಯೂ ಮಕ್ಕಳೂ ಪಿಡುಗಿಗೆ ತುತ್ತಾದರು. ಮತಕಲಹದ ದೆಸೆಯಿಂದ ೧೬೨೮ರಲ್ಲಿ ಹುಟ್ಟಿದ ನಾಡನ್ನೇ ಬಿಟ್ಟು ಪೋಲೆಂಡಿಗೆ ಹೋಗಬೇಕಾಯಿತು. ೧೬೫೬ರಲ್ಲಿ ಅಲ್ಲಿಯೂ ಊರು ಬೆಂಕಿಗೆ ಆಹುತಿಯಾದಾಗ ಅವನ ಹಸ್ತಪ್ರತಿಗಳು ಸುಟ್ಟುಹೋದವು. ಇಷ್ಟು ಕಷ್ಟಪರಂಪರೆಗಳ ನಡುವೆ ಈ ದೇಶಭ್ರಷ್ಟನು ಚಿಂತಿಸಿದ್ದು ಮಕ್ಕಳನ್ನು ಕುರಿತು. ಮೊದಲ ಆರು ವರ್ಷಗಳ ಶಾಲೆಯು ತಾಯಿಯ ಮಡಿಲೇ ಎಂದು ಸಾರಿ, ಆ ವಯಸ್ಸಿನಲ್ಲಿ ಮಗುವಿಗೆ ಏನೇನು ಪರಿಚಯವಾಗಬೇಕೆಂಬುದನ್ನು ತಾಯಂದಿರಿಗಾಗಿಯೇ ಬರೆದನು. ೧೬೫೮ರಲ್ಲಿ ಅವನ ಚಿತ್ರಮಯ ಪ್ರಪಂಚವೆಂಬ ಹೊತ್ತಗೆಯು ನ್ಯೂರೆಂಬರ್ಗ್ ಪಟ್ಟಣದಲ್ಲಿ ಅಚ್ಚಾಯಿತು. ಅದರ ಅಕ್ಷರಮಾಲೆಯು ಕಾಗೆ, ಕುರಿ ಮುಂತಾದ ಪ್ರಾಣಿಗಳ ಕೂಗಿನಿಂದ ಮೊದಲಾಗುತ್ತದೆ. ಮಗುವು ತನಗೆ ಪರಿಚಿತವಾದ ದನಿಯಿಂದ ಅಪರಿಚಿತವಾದ ಅಕ್ಷರಕ್ಕೆ ಬರಬೇಕು, ವಸ್ತುವು ಮೊದಲು, ಶಬ್ದವು ಆಮೇಲೆ ಎಂಬುದೇ ಅದರ ತತ್ತ್ವವಾಗಿತ್ತು.

ಇದಾದ ನೂರು ವರ್ಷಗಳ ತರುವಾಯ, ೧೭೬೨ರಲ್ಲಿ, ರೂಸೋ ಎಂಬ ಪಂಡಿತನು ಎಮಿಲ್ ಎಂಬ ಗ್ರಂಥವನ್ನು ಪ್ರಕಟಿಸಿದನು. ಬಾಲ್ಯಕ್ಕೆ ಬಾಲ್ಯದ್ದೇ ಆದ ನಡೆಯೂ ನೋಟವೂ ಉಂಟು, ದೊಡ್ಡವರಾಗುವ ಆತುರದಲ್ಲಿ ಅದನ್ನು ಕಳೆಯಬಾರದು ಎಂಬುದು ಅವನ ಮತವು. ಪ್ಯಾರಿಸಿನಲ್ಲಿಯೂ ಜಿನೀವಾದಲ್ಲಿಯೂ ಆ ಗ್ರಂಥವನ್ನು ಸುಟ್ಟರು; ಆದರೂ ಅದರ ಕಿಡಿಯು ಆರಲಿಲ್ಲ. ಮಕ್ಕಳ ಸ್ವಾತಂತ್ರ್ಯವನ್ನು ಇಷ್ಟು ಚೆನ್ನಾಗಿ ವರ್ಣಿಸಿದ ರೂಸೋ ತನ್ನ ಐದು ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದ್ದನೆಂಬುದು ಅವನೇ ಬರೆದಿಟ್ಟ ಸಂಗತಿ. ಬರೆಹಕ್ಕೂ ನಡತೆಗೂ ನಡುವೆ ಇದ್ದ ಈ ಅಂತರವನ್ನು ತುಂಬಲು ಇನ್ನೊಬ್ಬನು ಬರಬೇಕಾಯಿತು.

ಸ್ಟಾನ್ಸಿನ ತಬ್ಬಲಿಗಳು

ಅವನೇ ಸ್ವಿಟ್ಜರ್ಲೆಂಡಿನ ಪೆಸ್ತಾಲೋತ್ಸಿ. ಜೂರಿಕ್ ಪಟ್ಟಣದಲ್ಲಿ ೧೭೪೬ರಲ್ಲಿ ಜನಿಸಿದ ಈತನು ೧೭೭೪ರ ಸುಮಾರಿಗೆ ತನ್ನ ಹೊಲಮನೆಯಲ್ಲಿಯೇ ಬಡಮಕ್ಕಳನ್ನು ಸೇರಿಸಿಕೊಂಡು ನೂಲುವ, ನೇಯುವ ಕೆಲಸದೊಡನೆ ವಿದ್ಯೆಯನ್ನು ಕಲಿಸತೊಡಗಿದನು. ಕೆಲವೇ ವರ್ಷಗಳಲ್ಲಿ ಹಣವೆಲ್ಲ ಕರಗಿ ಆ ಪ್ರಯತ್ನವು ನಿಂತುಹೋಯಿತು. ಜನರು ನಕ್ಕರು. ಈತನು ಎದೆಗೆಡಲಿಲ್ಲ.

೧೭೯೮ರ ಸೆಪ್ಟೆಂಬರದಲ್ಲಿ ಫ್ರೆಂಚರ ಸೈನ್ಯವು ಸ್ಟಾನ್ಸ್ ಎಂಬ ಊರಿನ ಸೀಮೆಯಲ್ಲಿ ಘೋರವಾದ ಹತ್ಯೆಯನ್ನು ನಡೆಸಿತು. ತಾಯಿತಂದೆಗಳಿಲ್ಲದೆ ಬೀದಿಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳಲು ಪೆಸ್ತಾಲೋತ್ಸಿಯು ಹೋದನು. ಆಗ ಅವನ ವಯಸ್ಸು ಐವತ್ತೆರಡು. ಕ್ರೈಸ್ತ ಸಂನ್ಯಾಸಿನಿಯರ ಮಠದ ಒಂದು ಕಟ್ಟಡದಲ್ಲಿ, ಒಬ್ಬ ಅಡಿಗೆಯವಳ ಸಹಾಯವೊಂದನ್ನುಳಿದು ಮತ್ತಾರ ನೆರವೂ ಇಲ್ಲದೆ, ಸುಮಾರು ಎಂಬತ್ತು ಮಕ್ಕಳಿಗೆ ಅವನೇ ತಾಯಿಯೂ ತಂದೆಯೂ ಗುರುವೂ ದಾದಿಯೂ ಆದನು. ಕಜ್ಜಿ ಹುಣ್ಣುಗಳಿಂದ ನರಳುವ ಮಕ್ಕಳ ಮೈಯನ್ನು ತೊಳೆದು, ಅವರೊಡನೆಯೇ ಉಂಡು, ಅವರ ನಡುವೆಯೇ ಮಲಗಿದನು. ಪುಸ್ತಕಗಳಿರಲಿಲ್ಲ, ಎಣಿಸುವುದಕ್ಕೆ ಕಲ್ಲು ಕಡ್ಡಿಗಳೂ, ಮಾತಾಡುವುದಕ್ಕೆ ಕಣ್ಣೆದುರಿನ ಪದಾರ್ಥಗಳೂ ಸಾಕಾದವು. ಮೊದಲು ಮಗುವಿನ ಹೃದಯವು ಅರಳಬೇಕು, ಆಮೇಲೆ ಕೈಗೆ ಕೆಲಸ ಬರಬೇಕು, ಇವೆರಡರ ಬೆನ್ನ ಹಿಂದೆಯೇ ಬುದ್ಧಿಯು ಬೆಳೆಯುವುದೆಂಬ ಅನುಭವವು ಅವನಿಗೆ ಅಲ್ಲಿಯೇ ಆಯಿತು. ೧೭೯೯ರ ಜೂನ್ ತಿಂಗಳಲ್ಲಿ ಸೈನ್ಯದವರಿಗೆ ಆಸ್ಪತ್ರೆ ಬೇಕಾದುದರಿಂದ ಆ ಕಟ್ಟಡವನ್ನು ಬಿಡಬೇಕಾಯಿತು. ಅಲ್ಲಿ ನಡೆದ ಕೆಲಸವು ಐದಾರು ತಿಂಗಳದ್ದು ಮಾತ್ರ. ಆದರೆ ಮುಂದಿನ ಶಿಶುಶಿಕ್ಷಣಕ್ಕೆಲ್ಲ ಅದೇ ಬುನಾದಿಯಾಯಿತೆಂದರೆ ಅತಿಶಯೋಕ್ತಿಯಾಗಲಾರದು. ತರುವಾಯ ಇವರ್ದೋನ್ ಎಂಬ ಊರಿನಲ್ಲಿ ಅವನು ನಡೆಯಿಸಿದ ವಿದ್ಯಾಶಾಲೆಯನ್ನು ನೋಡಲು ಯುರೋಪಿನ ಎಲ್ಲ ಕಡೆಗಳಿಂದಲೂ ಜನರು ಬಂದರು. ಆದರೆ ಅಲ್ಲಿ ಬಡಮಕ್ಕಳಿಗಿಂತ ಉಳ್ಳವರ ಮಕ್ಕಳೇ ಹೆಚ್ಚಾದರೆಂಬ ಕೊರಗು ಪೆಸ್ತಾಲೋತ್ಸಿಯನ್ನು ಕಡೆಯವರೆಗೂ ಬಿಡಲಿಲ್ಲ.

ಗಿರಣಿಯ ಊರಿನ ಶಿಶುಶಾಲೆ

ಅದೇ ಕಾಲದಲ್ಲಿ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಎಂಬಲ್ಲಿ ರಾಬರ್ಟ್ ಓವನ್ ಎಂಬವನು ಹತ್ತಿಯ ಗಿರಣಿಯನ್ನು ನಡೆಯಿಸುತ್ತಿದ್ದನು. ಆರೇಳು ವರ್ಷದ ಮಕ್ಕಳು ಗಿರಣಿಗಳಲ್ಲಿ ದುಡಿಯುವುದು ಆಗ ಸಾಮಾನ್ಯವಾಗಿತ್ತು. ಓವನನು ಹತ್ತು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ೧೮೧೬ರಲ್ಲಿ ಅವರಿಗಾಗಿ ಒಂದು ವಿದ್ಯಾಮಂದಿರವನ್ನು ತೆರೆದನು. ನಡೆಯಲು ಬಂದ ಕೂಸುಗಳಿಗೂ ಅದರಲ್ಲಿ ಎಡೆಯಿತ್ತು. ಅವುಗಳಿಗೆ ಗುರುವಾಗಿ ಅವನು ಆರಿಸಿಕೊಂಡದ್ದು ಪಂಡಿತನನ್ನಲ್ಲ, ಜೇಮ್ಸ್ ಬುಕಾನನ್ ಎಂಬ ಒಬ್ಬ ನೇಕಾರನನ್ನು. ಅವನಿಗೆ ಸಹಾಯಕಳಾಗಿ ಗಿರಣಿಯಲ್ಲಿ ಕೆಲಸಮಾಡುತ್ತಿದ್ದ ಒಬ್ಬ ಹುಡುಗಿಯನ್ನು ಕೊಟ್ಟನು. ಮಕ್ಕಳನ್ನು ಹೊಡೆಯಕೂಡದು, ಗದರಿಸಕೂಡದು, ಯಾವಾಗಲೂ ಮೃದುವಾಗಿ ಮಾತಾಡಿಸಬೇಕು, ಇದೇ ಅವರಿಗೆ ಕೊಟ್ಟ ಕಟ್ಟಪ್ಪಣೆಯಾಗಿತ್ತು. ಹಾಡು, ಕುಣಿತ, ಚಿತ್ರಪಟಗಳು, ತೋಟದಿಂದ ತಂದ ಹೂವು ಕಾಯಿಗಳು, ಇವೇ ಅಲ್ಲಿನ ಪಾಠ.

ಈ ಶಾಲೆಯ ಕೀರ್ತಿಯು ಹಬ್ಬಿ ಲಂಡನ್ ನಗರದಲ್ಲಿ ಶಿಶುಶಾಲೆಗಳು ಹುಟ್ಟಿಕೊಂಡವು. ಆದರೆ ಅವುಗಳನ್ನು ಹರಡಿದ ವಿಲ್ಡರ್‌ಸ್ಪಿನ್ನನೇ ಮೊದಲಾದವರ ಕಾಲಕ್ಕೆ, ನೂರಾರು ಕೂಸುಗಳನ್ನು ಮೆಟ್ಟಲು ಮೆಟ್ಟಲಾಗಿ ಕುಳ್ಳಿರಿಸಿ, ಒಟ್ಟಿಗೆ ಬಾಯಿಪಾಠವನ್ನು ಹೇಳಿಸುವ ಕ್ರಮವು ಬಂದುಬಿಟ್ಟಿತು. ಹೆಸರು ಶಿಶುಶಾಲೆಯೇ, ಕಟ್ಟಡವೂ ದೊಡ್ಡದೇ, ನೇಕಾರನ ಮೃದುವಾದ ಮಾತು ಮಾತ್ರ ಅಲ್ಲಿರಲಿಲ್ಲ. ಉಪಕರಣವು ಉಳಿದು ಅಂತಃಕರಣವು ಹೋದರೆ ಏನಾಗುವುದೆಂಬುದಕ್ಕೆ ಈ ಚರಿತ್ರೆಯಲ್ಲಿ ಇದು ಮೊದಲನೆಯ ನಿದರ್ಶನವು.

ಮಕ್ಕಳ ತೋಟ

ಜರ್ಮನಿಯ ತುರಿಂಗಿಯಾ ಪ್ರಾಂತದಲ್ಲಿ ೧೭೮೨ರಲ್ಲಿ ಹುಟ್ಟಿದ ಫ್ರೀಡ್ರಿಕ್ ಫ್ರೋಬೆಲನು ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡನು. ತಂದೆಯು ಪಾದ್ರಿ, ಮಗನನ್ನು ನೋಡಲು ಅವನಿಗೆ ಬಿಡುವಿಲ್ಲ. ಒಂಟಿಯಾದ ಬಾಲಕನಿಗೆ ಮನೆಯ ತೋಟವೂ ಸುತ್ತಣ ಕಾಡೂ ಒಡನಾಡಿಗಳಾದವು. ದೊಡ್ಡವನಾದ ಮೇಲೆ ಅವನು ೧೮೦೮ರಿಂದ ಎರಡು ವರ್ಷ ಇವರ್ದೋನಿನಲ್ಲಿದ್ದು ಪೆಸ್ತಾಲೋತ್ಸಿಯ ಪದ್ಧತಿಯನ್ನು ಕಣ್ಣಾರೆ ಕಂಡನು. ೧೮೩೭ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಚಿಕ್ಕ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ನಾಮಕರಣ ಮಾಡಿದನು. ಶಾಲೆಯೆಂಬ ಮಾತನ್ನು ಅವನು ಬೇಕೆಂದೇ ಬಿಟ್ಟನು. ಅಲ್ಲಿ ಮಗುವು ಸಸಿ, ಗುರುವು ತೋಟಗಾರನು.

ಆಟವೇ ಮಗುವಿನ ಅಂತರಂಗದ ಭಾಷೆಯೆಂಬುದು ಫ್ರೋಬೆಲನ ದೃಢವಾದ ನಂಬಿಕೆ. ಆ ಆಟಕ್ಕೆಂದು ಅವನು ಕೊಡುಗೆಗಳೆಂಬ ಹೆಸರಿನ ಆಟಿಗೆಗಳನ್ನು ಅಣಿಮಾಡಿದನು. ಮೊದಲನೆಯ ಕೊಡುಗೆಯು ಆರು ಬಣ್ಣದ ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗುಂಡು, ಚೌಕದ ದಿಮ್ಮಿ ಮತ್ತು ಉರುಳೆ. ಮೂರನೆಯದು ಎಂಟು ಸಣ್ಣ ದಿಮ್ಮಿಗಳಾಗಿ ಬಿಡಿಸಿ ಮತ್ತೆ ಕೂಡಿಸಬಹುದಾದ ಒಂದು ದಿಮ್ಮಿ. ಒಂದು ಪದಾರ್ಥವು ಹಲವಾಗಿ ಬಿಡಿಯುವುದನ್ನೂ, ಹಲವು ಸೇರಿ ಒಂದಾಗುವುದನ್ನೂ ಮಗುವು ತನ್ನ ಕೈಯಿಂದಲೇ ಕಾಣಬೇಕು, ಅದರಿಂದ ಜಗತ್ತಿನ ಏಕತ್ವವು ಅದರ ಮನಸ್ಸಿಗೆ ಮೆಲ್ಲಗೆ ಹೊಳೆಯಬೇಕೆಂಬುದು ಅವನ ಉದ್ದೇಶವಾಗಿತ್ತು. ಇದಲ್ಲದೆ ಕಾಗದ ಮಡಿಸುವುದು, ಹೆಣೆಯುವುದು, ಮಣ್ಣಿನಲ್ಲಿ ಗೊಂಬೆ ಮಾಡುವುದು, ತನ್ನದೇ ಆದ ಪುಟ್ಟ ಪಾತಿಯಲ್ಲಿ ಬೀಜ ಬಿತ್ತುವುದು, ಇವೂ ಇದ್ದವು. ಈ ಕೆಲಸಕ್ಕೆ ಹೆಂಗಸರೇ ತಕ್ಕವರೆಂದು ತಿಳಿದು ಅವರಿಗೆ ತರಬೇತನ್ನು ಕೊಟ್ಟನು.

ಪ್ರಷ್ಯಾ ಸರಕಾರವು ೧೮೫೧ರ ಆಗಸ್ಟಿನಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಮಕ್ಕಳಿಗೆ ಕಲಿಸುತ್ತವೆಂಬುದು ಆರೋಪ. ಅಧಿಕಾರಿಗಳು ಫ್ರೋಬೆಲನ ಅಣ್ಣನ ಮಗನ ಬರೆಹವನ್ನು ಅವನದೆಂದೇ ಬಗೆದಿದ್ದರು. ಎಷ್ಟು ಬೇಡಿಕೊಂಡರೂ ಆಜ್ಞೆಯು ಹಿಂದೆಗೆಯಲಿಲ್ಲ. ೧೮೫೨ರ ಜೂನಿನಲ್ಲಿ ಫ್ರೋಬೆಲನು ಅದೇ ವ್ಯಸನದಲ್ಲಿ ಕಾಲಾಧೀನನಾದನು. ೧೮೬೦ರಲ್ಲಿ ನಿಷೇಧವು ತೆಗೆಯಲ್ಪಟ್ಟಿತು. ಅಷ್ಟರೊಳಗಾಗಿ ಅವನ ಶಿಷ್ಯೆಯರು ಮಕ್ಕಳ ತೋಟವನ್ನು ಆಂಗ್ಲದೇಶಕ್ಕೂ ಅಮೇರಿಕೆಗೂ ಒಯ್ದಿದ್ದರು. ೧೮೭೩ರಲ್ಲಿ ಅಮೇರಿಕೆಯ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಸೂಸನ್ ಬ್ಲೋ ಎಂಬಾಕೆ ಅದನ್ನು ಸಾರ್ವಜನಿಕ ಶಾಲೆಯ ಅಂಗವನ್ನಾಗಿ ಮಾಡಿದರು. ಕಾಲಕ್ರಮದಲ್ಲಿ ಇಲ್ಲಿಯೂ ಅದೇ ಕೇಡು ಕಾಲಿಟ್ಟಿತು. ಕೆಲವು ಅನುಯಾಯಿಗಳು ಕೊಡುಗೆಗಳನ್ನು ಮಂತ್ರದಂತೆ ಹಿಡಿದು, ಉಪಾಧ್ಯಾಯಿನಿಯು ಹೇಳಿದಂತೆಯೇ ಎಲ್ಲ ಮಕ್ಕಳೂ ದಿಮ್ಮಿಯನ್ನು ಇಡಬೇಕೆಂದು ವಿಧಿಸಿದರು. ಆಟವು ಕವಾಯತಾಯಿತು.

ರೋಮಿನ ಬಡಕೇರಿಯಲ್ಲಿ

ಇಟಲಿಯಲ್ಲಿ ೧೮೭೦ರಲ್ಲಿ ಜನಿಸಿದ ಮರಿಯಾ ಮಾಂಟೆಸ್ಸೊರಿಯವರು ೧೮೯೬ರಲ್ಲಿ ವೈದ್ಯಪದವಿಯನ್ನು ಪಡೆದರು. ಆ ದೇಶದಲ್ಲಿ ವೈದ್ಯರಾದ ಮೊದಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. ಬುದ್ಧಿ ಬೆಳೆಯದ ಮಕ್ಕಳನ್ನು ಹುಚ್ಚರ ಆಸ್ಪತ್ರೆಗಳಲ್ಲಿ ಕೂಡಿಹಾಕಿದ್ದುದನ್ನು ಕಂಡು, ಇವರಿಗೆ ಬೇಕಾದುದು ಔಷಧಿಗಿಂತ ಶಿಕ್ಷಣವೆಂದು ಮನಗಂಡರು. ಫ್ರಾನ್ಸಿನ ಈತಾರ್ ಮತ್ತು ಸೆಗ್ವೆ ಎಂಬ ಇಬ್ಬರು ವೈದ್ಯರ ಗ್ರಂಥಗಳನ್ನು ಅಭ್ಯಸಿಸಿ, ಕೈ ಕಣ್ಣು ಕಿವಿಗಳ ಮೂಲಕ ಬುದ್ಧಿಯನ್ನು ಎಚ್ಚರಿಸುವ ಉಪಕರಣಗಳನ್ನು ರಚಿಸಿದರು.

೧೯೦೭ರ ಜನವರಿ ೬ರಂದು ರೋಮ್ ನಗರದ ಸಾನ್ ಲೊರೆಂಜೋ ಎಂಬ ಬಡಕೇರಿಯಲ್ಲಿ ಅವರ ಮೊದಲನೆಯ ಮಕ್ಕಳ ಮನೆಯು ತೆರೆಯಿತು. ಅದರ ಹಿನ್ನೆಲೆಯು ವಿಚಾರಾರ್ಹವಾಗಿದೆ. ಅಲ್ಲಿನ ಮನೆಗಳನ್ನು ದುರಸ್ತಿಮಾಡಿಸಿದ ಕಂಪನಿಯವರಿಗೆ, ತಾಯಿತಂದೆಗಳು ಕೂಲಿಗೆ ಹೋದಾಗ ಮಕ್ಕಳು ಹೊಸ ಗೋಡೆಗಳನ್ನು ಕೆಡಿಸುವರೆಂಬ ಭಯವಿತ್ತು. ಗೋಡೆಗಳನ್ನು ಕಾಪಾಡಲೆಂದು ಕೊಟ್ಟ ಒಂದು ಕೋಣೆಯಲ್ಲಿ ಮಕ್ಕಳ ಮನಸ್ಸಿನ ಬಾಗಿಲು ತೆರೆಯಿತು. ಸುಮಾರು ಐವತ್ತು ಅರವತ್ತು ಮಕ್ಕಳು ಬಂದರು. ಅಳುಬುರುಕರು, ಕೊಳಕು ಬಟ್ಟೆಯವರು, ಮಾತಾಡಿಸಿದರೆ ಬೆದರುವವರು.

ಮಾಂಟೆಸ್ಸೊರಿಯವರು ಬೋಧಿಸುವುದಕ್ಕಿಂತ ಹೆಚ್ಚಾಗಿ ನೋಡಿದರು. ಮೂರು ವರ್ಷದ ಒಬ್ಬ ಹುಡುಗಿಯು ಹಲಗೆಯ ಕುಳಿಗಳಲ್ಲಿ ಮರದ ಗೂಟಗಳನ್ನು ಅಳತೆಯರಿತು ಕೂಡಿಸುತ್ತಿತ್ತು. ಸುತ್ತಲೂ ಇತರ ಮಕ್ಕಳು ಹಾಡಿದರೂ, ಕುಳಿತ ಕುರ್ಚಿಯೊಡನೆ ಎತ್ತಿ ಮೇಜಿನ ಮೇಲಿಟ್ಟರೂ ಅದರ ಚಿತ್ತವು ಕದಲಲಿಲ್ಲ. ನಲವತ್ತಕ್ಕೂ ಮಿಕ್ಕಿ ಸಲ ಅದನ್ನೇ ಮಾಡಿ, ಕಡೆಗೆ ನಿದ್ದೆಯಿಂದ ಎದ್ದಂತೆ ಪ್ರಸನ್ನವದನವಾಗಿ ಎದ್ದಿತು. ಎಳೆಯ ಮಗುವಿಗೆ ಏಕಾಗ್ರತೆಯಿಲ್ಲವೆಂಬ ಮಾತು ಸುಳ್ಳು. ತನಗೆ ತಕ್ಕ ಕೆಲಸವು ಸಿಕ್ಕರೆ ಅದೂ ಧ್ಯಾನಸ್ಥವಾಗುವುದೆಂದು ಅಂದು ತಿಳಿಯಿತು. ಇನ್ನೊಂದು ದಿನ ಅವರು ಮಕ್ಕಳಿಗೆ ಸದ್ದಿಲ್ಲದೆ ಮೂಗು ಒರಸಿಕೊಳ್ಳುವ ಬಗೆಯನ್ನು ತೋರಿಸಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆ ವಿಷಯವಾಗಿ ಅವರನ್ನು ಬೈಯದವರಿರಲಿಲ್ಲ. ಮರ್ಯಾದೆಯಿಂದ ಹೇಳಿಕೊಟ್ಟವರು ಮಾತ್ರ ಅದುವರೆಗೆ ಯಾರೂ ಇರಲಿಲ್ಲ.

ಅಕ್ಷರಾಭ್ಯಾಸಕ್ಕಾಗಿ ಅವರು ಬಡಗಿಗಳು ಹಲಗೆ ಉಜ್ಜುವ ಮರಳುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಅಂಟಿಸಿದರು. ಮಗುವು ಅದರ ಮೇಲೆ ಬೆರಳಾಡಿಸುತ್ತ ಅದರ ದನಿಯನ್ನು ನುಡಿಯುವುದು. ಕೂಲಿಮಠದ ಮರಳಿನ ಮೇಲೆ ಓಡುತ್ತಿದ್ದ ಬೆರಳನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಹೊಸದೆನಿಸದು. ಆದರೆ ಒಂದು ಭೇದವುಂಟು: ಇಲ್ಲಿ ಬೆನ್ನ ಹಿಂದೆ ಬೆತ್ತವಿರಲಿಲ್ಲ, ಅವಸರವೂ ಇರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ, ಚಿತ್ರ ಬರೆಯುತ್ತಿದ್ದ ಐದು ವರ್ಷದ ಬಾಲಕನೊಬ್ಬನು ತಟ್ಟನೆ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಶಬ್ದಗಳನ್ನು ಬರೆದು ಆನಂದದಿಂದ ಕೂಗಿಕೊಂಡನು. ಅವನನ್ನು ನೋಡಿ ಇತರರೂ ಬರೆಯತೊಡಗಿದರು. ಬರೆಯಿರೆಂದು ಯಾರೂ ಆಜ್ಞಾಪಿಸಿರಲಿಲ್ಲ.

ಫ್ರೋಬೆಲನ ಮಾರ್ಗಕ್ಕೂ ಮಾಂಟೆಸ್ಸೊರಿಯವರ ಮಾರ್ಗಕ್ಕೂ ಇರುವ ವ್ಯತ್ಯಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲನೆಯವನು ಆಟವನ್ನೂ ಕಲ್ಪನೆಯನ್ನೂ ಕೂಡಿ ಹಾಡುವುದನ್ನೂ ಮುಖ್ಯವೆಂದನು. ಎರಡನೆಯವರು ನಿಜವಾದ ಕೆಲಸವನ್ನೂ ಇಂದ್ರಿಯಗಳ ಸಂಸ್ಕಾರವನ್ನೂ ತಾನಾಗಿ ಆರಿಸಿಕೊಳ್ಳುವುದನ್ನೂ ಮುಖ್ಯವೆಂದರು. ಒಬ್ಬನಲ್ಲಿ ದಿಮ್ಮಿಯು ಕೋಟೆಯಾಗಬಹುದು, ಕುದುರೆಯಾಗಬಹುದು. ಇನ್ನೊಬ್ಬರಲ್ಲಿ ಪ್ರತಿಯೊಂದು ಉಪಕರಣಕ್ಕೂ ಒಂದು ನಿಶ್ಚಿತವಾದ ಉಪಯೋಗವುಂಟು, ತಪ್ಪಿದರೆ ಉಪಕರಣವೇ ಮಗುವಿಗೆ ತಪ್ಪನ್ನು ತೋರಿಸುವುದು. ಈ ಭೇದವನ್ನು ಹಿಡಿದು ಪಂಡಿತರು ಬಹಳ ವಾದ ಮಾಡಿದ್ದಾರೆ. ಆದರೆ ಇಬ್ಬರ ಮಾರ್ಗಕ್ಕೂ ಮೂಲವು ಒಂದೇ: ಗುರುವಾದವನು ಮೊದಲು ತನ್ನ ಅಹಂಕಾರವನ್ನೂ ಆತುರವನ್ನೂ ಬಗ್ಗಿಸಿಕೊಳ್ಳಬೇಕು. ಬಗ್ಗಬೇಕಾದುದು ಗಿಡವಲ್ಲ, ತೋಟಗಾರನು. ನೀರೆರೆಯುವವನು ಬಗ್ಗದೆ ಗಿಡದ ಬುಡಕ್ಕೆ ನೀರು ಮುಟ್ಟುವುದಾದರೂ ಹೇಗೆ?

ಭಾರತದಲ್ಲಿ

ಬಡಕೇರಿಯಲ್ಲಿ ಹುಟ್ಟಿದ ಮಾಂಟೆಸ್ಸೊರಿ ಪದ್ಧತಿಯು ಕೆಲವೇ ವರ್ಷಗಳಲ್ಲಿ ಜಗತ್ಪ್ರಸಿದ್ಧವಾಯಿತು. ಅದರೊಡನೆಯೇ ಬೆಲೆಬಾಳುವ ಉಪಕರಣಗಳಿಂದಾಗಿ ಹಣವಂತರ ಸೊತ್ತೂ ಆಗತೊಡಗಿತು. ೧೯೩೧ರ ಅಕ್ಟೋಬರದಲ್ಲಿ ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಹೋಗಿದ್ದ ಮಹಾತ್ಮಾ ಗಾಂಧಿಯವರು ಅಲ್ಲಿಯ ಮಾಂಟೆಸ್ಸೊರಿ ತರಬೇತಿನ ಕಾಲೇಜಿನಲ್ಲಿ ಆ ವಿದುಷಿಯ ಎದುರಿನಲ್ಲಿಯೇ ಭಾಷಣ ಮಾಡಿ, ಈ ಶಿಕ್ಷಣವು ಸಿರಿವಂತರ ಮಕ್ಕಳಿಗೆ ಮಾತ್ರವಲ್ಲದೆ ಕಡುಬಡವರ ಮಕ್ಕಳಿಗೂ ದೊರೆಯಲೆಂಬ ಆಶೆಯನ್ನು ವ್ಯಕ್ತಪಡಿಸಿದರು. ಆ ಆಶೆಯನ್ನು ಕಾರ್ಯರೂಪಕ್ಕೆ ತರುವ ಉದ್ಯೋಗವು ಭಾರತದಲ್ಲಿ ಅದಕ್ಕೆ ಮೊದಲೇ ಆರಂಭವಾಗಿತ್ತು.

ಸೌರಾಷ್ಟ್ರದಲ್ಲಿ ೧೮೮೫ರಲ್ಲಿ ಜನಿಸಿದ ಗಿಜುಭಾಯಿ ಬಧೇಕಾ ಅವರು ವೃತ್ತಿಯಿಂದ ವಕೀಲರು. ತಮ್ಮ ಮಗನು ಹುಟ್ಟಿದ ಮೇಲೆ ಅವನ ಶಿಕ್ಷಣವು ಹೇಗಿರಬೇಕೆಂದು ಚಿಂತಿಸುತ್ತ ಮಾಂಟೆಸ್ಸೊರಿಯವರ ಗ್ರಂಥಗಳನ್ನು ಓದಿದರು. ಒಬ್ಬ ಮಗನಿಗಾಗಿ ಹಿಡಿದ ಪುಸ್ತಕವು ಸಾವಿರಾರು ಮಕ್ಕಳ ಪಾಲಿಗೆ ಬಂದಿತು. ೧೯೧೬ರಲ್ಲಿ ಅವರು ಭಾವನಗರದ ದಕ್ಷಿಣಾಮೂರ್ತಿ ವಿದ್ಯಾರ್ಥಿ ಭವನವನ್ನು ಸೇರಿ, ೧೯೨೦ರಲ್ಲಿ ಅಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಮಾಂಟೆಸ್ಸೊರಿ ಪದ್ಧತಿಯನ್ನು ಅವರು ಗೌರವಿಸಿದರೂ ಕುರುಡಾಗಿ ಅನುಸರಿಸಲಿಲ್ಲ. ಅದರಲ್ಲಿ ಕತೆಗಳಿಗೆ ಹೆಚ್ಚಿನ ಎಡೆಯಿರಲಿಲ್ಲ. ಇವರು ಅಜ್ಜಿಕತೆಗಳನ್ನೂ ಜನಪದದ ಹಾಡುಗಳನ್ನೂ ನಾಟಕವನ್ನೂ ಪಾಠದ ಜೀವವನ್ನಾಗಿ ಮಾಡಿದರು. ದಿವಾಸ್ವಪ್ನವೆಂಬ ಅವರ ಪುಸ್ತಕದಲ್ಲಿ ಒಬ್ಬ ಉಪಾಧ್ಯಾಯನು ಸಾಮಾನ್ಯ ಶಾಲೆಯೊಂದರ ನಾಲ್ಕನೆಯ ತರಗತಿಯನ್ನು ಕತೆ ಆಟಗಳಿಂದಲೇ ಗೆಲ್ಲುವ ವೃತ್ತಾಂತವಿದೆ. ದೊಡ್ಡ ಮೀಸೆಯ ಈ ಗುರುವನ್ನು ಜನರು ಮೀಸೆಯ ತಾಯಿಯೆಂದು ಅಕ್ಕರೆಯಿಂದ ಕರೆದರು. ೧೯೩೯ರ ಜೂನಿನಲ್ಲಿ ಅವರು ದಿವಂಗತರಾದರು.

ಅದೇ ವರ್ಷದ ನವೆಂಬರದಲ್ಲಿ, ಫಾಸಿಸ್ಟರ ಆಳ್ವಿಕೆಯ ದೆಸೆಯಿಂದ ತಮ್ಮ ದೇಶವನ್ನು ತೊರೆದಿದ್ದ ಮಾಂಟೆಸ್ಸೊರಿಯವರು ಮದರಾಸಿನ ಅಡಯಾರಿಗೆ ಬಂದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿದಾಗ ಆಂಗ್ಲ ಸರಕಾರವು ಅವರ ಮಗನನ್ನು ಶತ್ರುದೇಶದವನೆಂದು ಸೆರೆಯಲ್ಲಿರಿಸಿತು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದ ಹೊತ್ತಿಗೆ ಬಿಡುಗಡೆ ಮಾಡಿತು. ಅಡಯಾರ್, ಕೊಡೈಕನಾಲ್, ಅಹಮದಾಬಾದ್ ಮುಂತಾದೆಡೆಗಳಲ್ಲಿ ಅವರು ಉಪಾಧ್ಯಾಯರನ್ನು ಅಣಿಗೊಳಿಸಿದರು. ೧೯೪೬ರಲ್ಲಿ ಯುರೋಪಿಗೆ ಹೋಗಿ, ಮರುವರ್ಷ ಮತ್ತೆ ಬಂದು, ೧೯೪೯ರಲ್ಲಿ ಭಾರತವನ್ನು ಬಿಟ್ಟರು. ನಗರಗಳಲ್ಲಿ ಅವರ ಹೆಸರಿನ ಶಾಲೆಗಳು ಬೆಳೆದವು. ಹಳ್ಳಿಯ ಮಾತೇನು?

ಅದಕ್ಕೆ ಉತ್ತರವನ್ನು ಕೊಟ್ಟವರು ತಾರಾಬಾಯಿ ಮೋಡಕ್ ಅವರು. ರಾಜಕೋಟೆಯಲ್ಲಿ ಹೆಣ್ಣುಮಕ್ಕಳ ಕಾಲೇಜಿನ ಮುಖ್ಯಸ್ಥೆಯಾಗಿದ್ದ ಈ ವಿದುಷಿಯು ೧೯೨೩ರಲ್ಲಿ ಆ ಅಧಿಕಾರವನ್ನು ಬಿಟ್ಟು ಗಿಜುಭಾಯಿಯವರೊಡನೆ ಸೇರಿದ್ದರು. ೧೯೪೫ರಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲಂಚಿನ ಹಳ್ಳಿಗೆ ಹೋಗಿ ಬಾಲವಾಡಿಯನ್ನು ತೆರೆದರು. ಅವರ ಬಲಗೈಯಾಗಿ ಅನುತಾಯಿ ವಾಘ್ ಅವರು ನಿಂತರು. ಊರೊಳಗಿನ ಮಕ್ಕಳು ಬಂದರು. ಹರಿಜನರ ಕೇರಿಯವರೂ ಆದಿವಾಸಿಗಳೂ ಬರಲಿಲ್ಲ. ಕರೆದರೂ ಬರಲಿಲ್ಲ. ಆಗ ತಾರಾಬಾಯಿಯವರು ಅವರನ್ನು ದೂರಲಿಲ್ಲ. ಶಾಲೆಗೆ ಬಾರದ ಮಕ್ಕಳ ಬಳಿಗೆ ಶಾಲೆಯೇ ಹೋಗಬೇಕೆಂದು ನಿಶ್ಚಯಿಸಿದರು. ಕೇರಿಯ ಅಂಗಳವನ್ನು ಗುಡಿಸಿ, ಮಕ್ಕಳ ಮೈತೊಳೆದು, ತಲೆ ಬಾಚಿ, ಮರದ ನೆರಳಿನಲ್ಲಿ ಹಾಡು ಕತೆಗಳನ್ನು ಆರಂಭಿಸಿದರು. ಅಂಗಳದ ಈ ಶಾಲೆಯೇ ಅಂಗನವಾಡಿ. ಪರದೇಶದ ಉಪಕರಣಗಳಿಗೆ ಹಣವಿರಲಿಲ್ಲ; ಕಪ್ಪೆಚಿಪ್ಪು, ಬೆಣಚುಕಲ್ಲು, ಎಲೆ, ಬೀಜಗಳೇ ಉಪಕರಣಗಳಾದವು. ಸಣ್ಣದು ದೊಡ್ಡದೆಂಬುದನ್ನು ಕಲ್ಲಿನಿಂದ ಕಲಿಯಬಹುದು, ನುಣುಪು ಒರಟೆಂಬುದನ್ನು ಎಲೆಯಿಂದ ಅರಿಯಬಹುದು.

೧೯೫೭ರಲ್ಲಿ ಈ ಕಾರ್ಯವು ಕೋಸಬಾಡದ ಗುಡ್ಡಕ್ಕೆ, ವಾರಲಿ ಎಂಬ ಆದಿವಾಸಿಗಳ ನಡುವೆ ಸಾಗಿತು. ಅಲ್ಲಿ ಹುಡುಗರು ದನ ಕಾಯಲು ಹೋಗುತ್ತಿದ್ದುದರಿಂದ ಗುರುಗಳೂ ಹುಲ್ಲುಗಾವಲಿಗೆ ಹೋಗಿ ಅಲ್ಲಿಯೇ ಪಾಠ ಹೇಳಿದರು. ದೊಡ್ಡ ಹುಡುಗಿಯರು ಕಂಕುಳ ಕೂಸನ್ನು ಬಿಟ್ಟು ಬರಲಾರದುದರಿಂದ ಕೂಸುಗಳ ತೊಟ್ಟಿಲು, ಬಾಲವಾಡಿ, ಪ್ರಾಥಮಿಕ ಶಾಲೆ ಈ ಮೂರನ್ನೂ ಒಂದೇ ಸೂರಿನಡಿಯಲ್ಲಿ ಕೂಡಿಸಿದರು. ಬಡವರ ಬಾಳು ಹೇಗಿರುವುದೋ ಹಾಗೆಯೇ ಅದನ್ನು ಒಪ್ಪಿಕೊಂಡು, ಅದರ ಹೊಂದಿಕೆಗೆ ವಿದ್ಯೆಯನ್ನು ಬಗ್ಗಿಸಿದ ಸಾಹಸವಿದು.

ಅಂಗನವಾಡಿಯ ಹೊಣೆ

ಬೋರ್ಡಿಯ ಅಂಗಳದ ಹೆಸರು ಮುಂದೆ ದೇಶದ ಹೆಸರಾಯಿತು. ೧೯೭೫ರ ಅಕ್ಟೋಬರ ೨ರಂದು ಭಾರತ ಸರಕಾರವು ಶಿಶುಗಳ ಸಮಗ್ರ ಅಭಿವೃದ್ಧಿಯ ಯೋಜನೆಯನ್ನು ೩೩ ವಿಭಾಗಗಳಲ್ಲಿ ಪ್ರಯೋಗರೂಪವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ೧೦೦ ಅಂಗನವಾಡಿಗಳಿಂದ ಕಾರ್ಯವು ಮೊದಲಾಯಿತು. ಇಂದು ದೇಶದಲ್ಲಿ ಸುಮಾರು ೧೪ ಲಕ್ಷ ಅಂಗನವಾಡಿಗಳಿವೆ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ಇವುಗಳೊಡನೆ ಶಾಲಾಪೂರ್ವ ಶಿಕ್ಷಣವೂ ಅವುಗಳ ಹೊಣೆಯಾಗಿದೆ. ಹಸಿದ ಕೂಸಿಗೆ ಪಾಠ ಹತ್ತದೆಂಬುದನ್ನು ಸ್ಟಾನ್ಸಿನಲ್ಲಿ ಪೆಸ್ತಾಲೋತ್ಸಿಯು ಕಂಡಿದ್ದನು. ಅನ್ನದಾಸೋಹವನ್ನೂ ಜ್ಞಾನದಾಸೋಹವನ್ನೂ ಒಟ್ಟಿಗೆ ಕಂಡುಬಂದ ಸದ್ಭಕ್ತರಿಗೆ ಅದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಸಾಲವಿನ್ನೂ ತೀರಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಹತ್ತು ವರ್ಷಗಳೊಳಗೆ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಶಿಕ್ಷಣವನ್ನು ಒದಗಿಸಲು ಯತ್ನಿಸಬೇಕೆಂದು ನಿರ್ದೇಶಿಸಿತ್ತು. ೨೦೦೨ರ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಆರಕ್ಕಿಂತ ಕಿರಿಯರ ಪಾಲನೆ ಶಿಕ್ಷಣಗಳನ್ನು ರಾಜ್ಯವು ಯತ್ನಿಸತಕ್ಕ ಕಾರ್ಯವೆಂದು ಮಾತ್ರ ಉಳಿಸಿತು. ಯಾವ ವಯಸ್ಸಿನಲ್ಲಿ ಬಾಳಿನ ಬೇರು ಇಳಿಯುವುದೋ ಆ ವಯಸ್ಸಿನವರೇ ಹಕ್ಕಿನ ಹೊರಗುಳಿದರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರನೆಯ ವಯಸ್ಸಿನಿಂದಲೇ ಮಗುವನ್ನು ಶಿಕ್ಷಣದ ಚೌಕಟ್ಟಿನೊಳಗೆ ಎಣಿಸಿ, ಎಂಟು ವರ್ಷದವರೆಗೆ ಆಟದ ಮೂಲಕವೇ ಕಲಿಸಬೇಕೆಂದು ವಿಧಿಸಿರುವುದು ಸಮಾಧಾನದ ಸಂಗತಿ. ಅದು ಅಂಗಳವನ್ನು ಮುಟ್ಟುವುದು ಇನ್ನು ಮುಂದಿನ ಕಾರ್ಯ.

ಇದಕ್ಕಿಂತಲೂ ಕಷ್ಟವಾದುದು ಹಿರಿಯರ ಮನಸ್ಸನ್ನು ತಿದ್ದುವುದು. ಮೂರು ವರ್ಷದ ಮಗುವಿನ ಬೆರಳಿಗೆ ಸೀಸದಕಡ್ಡಿಯನ್ನು ಹಿಡಿಯಿಸಿ, ಪರಭಾಷೆಯ ಅಕ್ಷರಗಳನ್ನು ಪುಟಗಟ್ಟಲೆ ಬರೆಯಿಸುವ ಶಾಲೆಯೇ ಉತ್ತಮವೆಂಬ ಭ್ರಾಂತಿಯು ಇಂದು ಪಟ್ಟಣದಿಂದ ಹಳ್ಳಿಗೂ ಹಬ್ಬಿದೆ. ಸಾಲಮಾಡಿ ಅಂತಹ ಶಾಲೆಗೆ ಮಗುವನ್ನು ಕಳುಹಿಸುವ ಕೂಲಿಕಾರನ ಆಶೆಯು ನಿಂದ್ಯವಲ್ಲ. ತನ್ನ ಮಗುವು ಹಿಂದೆ ಬೀಳಬಾರದೆಂಬುದೇ ಅವನ ಕಳಕಳಿ. ಆದರೆ ಫ್ರೋಬೆಲ್, ಮಾಂಟೆಸ್ಸೊರಿ ಎಂಬ ಹೆಸರುಗಳನ್ನು ಫಲಕದ ಮೇಲೆ ಬರೆಯಿಸಿ, ಅವರು ಜೀವಮಾನವಿಡೀ ಬೇಡವೆಂದುದನ್ನೇ ಒಳಗೆ ಮಾಡಿದರೆ, ಹಣ ತೆತ್ತ ತಂದೆಗೂ ಮೋಸ, ಮಗುವಿಗೂ ಮೋಸ. ಬರೆಯುವ ಬೆರಳಿಗೆ ಮೊದಲು ಮಣ್ಣು, ಮರಳು, ಬೀಜ, ದಾರಗಳ ಪಳಗಿಕೆ ಬೇಕು. ಓದುವ ನಾಲಗೆಗೆ ಮೊದಲು ಮನೆಮಾತಿನ ಕತೆ ಹಾಡುಗಳ ಸವಿ ಬೇಕು. ಇವಕ್ಕೆ ಹಣವು ಬೇಕಾಗಿಲ್ಲ. ಬೇಕಾದುದು ಹಿರಿಯರ ಬಿಡುವು, ತಾಳ್ಮೆ ಮತ್ತು ಮಗುವಿನಲ್ಲಿ ಮರ್ಯಾದೆ.

ಕೊಡುಗೆಗಳು ಕವಾಯತಾದುದನ್ನೂ, ಕಪ್ಪೆಚಿಪ್ಪು ಕೊಡುಗೆಯಾದುದನ್ನೂ ಈ ಚರಿತ್ರೆಯು ಒಟ್ಟಿಗೆ ತೋರಿಸುತ್ತದೆ. ವ್ಯತ್ಯಾಸವು ವಸ್ತುವಿನಲ್ಲಿರಲಿಲ್ಲ, ಕೊಡುವ ಕೈಯಲ್ಲಿತ್ತು. ಊರೂರಿನ ಅಂಗನವಾಡಿಯು ಆ ಊರ ಭಕ್ತರ ಸ್ವಂತ ಅಂಗಳವೇ ಎಂಬ ಭಾವನೆಯು ಮೂಡಲಿ. ಅದರ ಸೂರು ಸೋರದಂತೆ, ಅದರ ಒಲೆ ಆರದಂತೆ, ಅದರ ಕಾರ್ಯಕರ್ತೆಗೆ ಗುರುವಿಗೆ ಸಲ್ಲತಕ್ಕ ಗೌರವವು ತಪ್ಪದಂತೆ ನೋಡಿಕೊಳ್ಳುವುದು ಊರವರೆಲ್ಲರ ಕಾಯಕವಾಗಲಿ. ಗಿಡವು ತನ್ನ ಶಕ್ತಿಯಿಂದಲೇ ಬೆಳೆಯುವುದು. ಬುಡಕ್ಕೆ ನೀರೆರೆಯುವಷ್ಟು ಬಗ್ಗುವ ಸೌಜನ್ಯವು ಹಿರಿಯರಿಗೆ ಲಭಿಸಲಿ.